ಅಪ್ಪಯ್ಯನಿಗೆ ಪೇಸ್‌ಮೇಕರ್ ಹಾಕಿದ್ದಾರೆ, ಮೊಬೈಲ್ ಮುಟ್ಟಲೇಬಾರದಾ?

ಶಿರಸಿ_ಮಗಳು:

ಅಪ್ಪಯ್ಯನಿಗೆ 71 ವರ್ಷ. ಹೋದ ತಿಂಗಳು ತೋಟದಲ್ಲಿ ಕಣ್ಣು ಕತ್ತಲೆ ಬಂದು ಬಿದ್ದರು. ನಾಡಿ 38ಕ್ಕೆ ಇಳಿದಿತ್ತು. ಎಡ ಭುಜದ ಕೆಳಗೆ, ಎದೆಯ ಮೇಲ್ಭಾಗದಲ್ಲಿ, ಹೃದಯದ ಬಡಿತ ತೀರಾ ಇಳಿಯದಂತೆ ನೋಡಿಕೊಳ್ಳುವ ಪೇಸ್‌ಮೇಕರ್ ಹಾಕಿದರು. ಮನೆಗೆ ಕಳಿಸುವಾಗ ಗಾಯ ಒದ್ದೆ ಮಾಡಬೇಡಿ, ಎಡಗೈ ಮೇಲೆತ್ತಬೇಡಿ, ಭಾರ ಹೊರಬೇಡಿ ಅಂತೆಲ್ಲ ಹೇಳಿದರು. ಮೊಬೈಲ್ ವಿಷಯ ಯಾರೂ ಎತ್ತಲಿಲ್ಲ. ನಮಗೂ ಕೇಳಬೇಕು ಅಂತ ಹೊಳೆಯಲಿಲ್ಲ.

ನೋಡಲು ಬಂದ ನೆಂಟರೊಬ್ಬರು "ಇನ್ನು ಮೊಬೈಲ್ ಮುಟ್ಟಬೇಡ ಮಾರಾಯ, ಒಳಗಿನ ಮಿಷನ್ ನಿಂತುಹೋಗ್ತದೆ" ಅಂದುಬಿಟ್ಟರು. ಅವತ್ತಿನಿಂದ ಫೋನ್ ಜಗಲಿಯ ಕಿಟಕಿಯಲ್ಲೇ ಇದೆ. ಅಪ್ಪಯ್ಯ ಬರಿಗೈಯಲ್ಲಿ ತೋಟಕ್ಕೆ ಇಳಿಯುತ್ತಾರೆ. ಅಲ್ಲಿಂದ ಕೂಗಿದರೆ ಮನೆಗೆ ಕೇಳುವುದಿಲ್ಲ. ಮೊನ್ನೆ ಗುರುವಾರ ಮಧ್ಯಾಹ್ನ ಒಂದೂವರೆ ಆದರೂ ಊಟಕ್ಕೆ ಬರಲಿಲ್ಲ. ಅಮ್ಮ ಮಂಡಿನೋವು ಇಟ್ಟುಕೊಂಡೇ ಇಳಿಜಾರಿನಲ್ಲಿ ಓಡಿದಳು. ಅವರು ಹಳ್ಳದ ಹತ್ತಿರ ಪೈಪ್ ಸರಿ ಮಾಡುತ್ತಾ ಕೂತಿದ್ದರು. ಅದನ್ನು ನನಗೆ ಹೇಳುವಾಗಲೂ ಅಮ್ಮನ ಗಂಟಲು ಕಟ್ಟುತ್ತಿತ್ತು.

ನಾನು ಇರುವುದು ಬೆಂಗಳೂರಿನಲ್ಲಿ. ನಿಜವಾಗಿಯೂ ಮೊಬೈಲ್ ಮುಟ್ಟಬಾರದಾ? ಅಪ್ಪಯ್ಯನಿಗೆ ಮೊದಲಿನಿಂದ ಅಂಗಿಯ ಎಡ ಜೇಬು, ಎಡ ಕಿವಿಯೇ ಅಭ್ಯಾಸ. ಫೋನಿಗೆ ಪುಸ್ತಕದ ಹಾಗೆ ಮುಚ್ಚುವ ಕವರ್ ಇದೆ.

ದಾವಣಗೆರೆ_ಮೇಷ್ಟ್ರು:

ತಂಗಿ, ಹೆದರಬೇಡಮ್ಮ. ನನಗೆ ಪೇಸ್‌ಮೇಕರ್ ಹಾಕಿದ್ದು 2018ರಲ್ಲಿ. ಅವತ್ತಿನಿಂದ ದಿನಾ ಫೋನ್ ಬಳಸುತ್ತಿದ್ದೇನೆ. ನನಗೆ ಹೇಳಿಕೊಟ್ಟಿದ್ದು ಇಷ್ಟೇ: ಫೋನಿಗೂ ಪೇಸ್‌ಮೇಕರ್‌ಗೂ ನಡುವೆ ಆರು ಇಂಚು, ಅಂದರೆ 15 ಸೆಂಟಿಮೀಟರ್ ದೂರ ಇರಬೇಕು. ನಾನು ಒಂದು ಗೇಣು ಅಂತ ಇಟ್ಟುಕೊಂಡಿದ್ದೇನೆ. ಅದು ಆರು ಇಂಚಿಗಿಂತ ಜಾಸ್ತಿಯೇ ಆಗುತ್ತದೆ. ಮಾತಾಡುವುದು ಬಲ ಕಿವಿಯಲ್ಲಿ.

ಕಷ್ಟ ಆಗಿದ್ದು ಜೇಬಿನದ್ದು. ನಮ್ಮ ಅಂಗಿಗಳಿಗೆ ಜೇಬು ಇರುವುದೇ ಎಡಗಡೆ, ಮಿಷನ್ ಇರುವುದೂ ಎಡಗಡೆ. ಮೂವತ್ತು ವರ್ಷ ಪೆನ್ನು, ಸೀಮೆಸುಣ್ಣ ಇಟ್ಟ ಕೈ, ಫೋನನ್ನೂ ತಾನಾಗಿಯೇ ಅಲ್ಲಿಗೇ ಒಯ್ಯುತ್ತಿತ್ತು. ಕೊನೆಗೆ ಟೈಲರ್ ಹತ್ತಿರ ಹೋಗಿ ಎಲ್ಲ ಅಂಗಿಗಳ ಜೇಬು ಬಿಚ್ಚಿಸಿದೆ. ಈಗ ಫೋನ್ ಪ್ಯಾಂಟಿನ ಬಲ ಜೇಬಿನಲ್ಲಿ ಇರುತ್ತದೆ. ಇನ್ನೊಂದು ಮಾತು: ಮಲಗಿಕೊಂಡು ಯಕ್ಷಗಾನ ಕೇಳುತ್ತಾ ಫೋನನ್ನು ಎದೆ ಮೇಲೆ ಇಟ್ಟುಕೊಳ್ಳುವುದು ಬೇಡ. ನಾನು ಹಾಗೆ ಮಾಡುತ್ತಿದ್ದೆ, ಚೆಕಪ್‌ಗೆ ಹೋದಾಗ ಹೇಳಿ ಬಿಡಿಸಿದರು.

ಕ್ಯಾತ್‌ಲ್ಯಾಬ್_ಟೆಕ್ನಿಷಿಯನ್:

ಮೇಷ್ಟ್ರು ಹೇಳಿದ್ದು ಸರಿ. ಕಾರಣ ಗೊತ್ತಾದರೆ ನಿಮ್ಮ ತಂದೆಯವರಿಗೂ ಧೈರ್ಯ ಬರುತ್ತದೆ.

ಪೇಸ್‌ಮೇಕರ್ ಟೈಟಾನಿಯಂ ಡಬ್ಬಿಯೊಳಗೆ ಇರುತ್ತದೆ. ಹೊರಗಿನ ರೇಡಿಯೋ ಅಲೆಗಳನ್ನು ತಡೆಯುವ ಫಿಲ್ಟರ್ ಕೂಡ ಇರುತ್ತದೆ. ಹಾಗಾಗಿ ಕರೆ ಬಂದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಈಗ ಜಾಸ್ತಿ ಗಮನ ಕೊಡಬೇಕಾದ್ದು ಮ್ಯಾಗ್ನೆಟ್ ಕಡೆಗೆ. ಆಪರೇಷನ್ ಹೊತ್ತಿನಲ್ಲಿ ಬೇಕಾಗುತ್ತದೆ ಅಂತ, ಮ್ಯಾಗ್ನೆಟ್ ಹತ್ತಿರ ಬಂದರೆ ಗುರುತಿಸುವ ವ್ಯವಸ್ಥೆಯನ್ನು ಪೇಸ್‌ಮೇಕರ್ ಒಳಗೇ ಇಟ್ಟಿರುತ್ತಾರೆ. ಮ್ಯಾಗ್ನೆಟ್ ಹತ್ತಿರ ಬಂದರೆ ಸಾಮಾನ್ಯವಾಗಿ ಅದು ಹೃದಯದ ಬಡಿತವನ್ನು ಗಮನಿಸುವುದನ್ನು ಬಿಟ್ಟು, ಒಂದೇ ವೇಗದಲ್ಲಿ ಮಿಡಿತ ಕೊಡುತ್ತಾ ಹೋಗುತ್ತದೆ. ಮ್ಯಾಗ್ನೆಟ್ ದೂರ ಮಾಡಿದರೆ ಮೊದಲಿನ ಹಾಗೆ ಆಗುತ್ತದೆ.

ಐಸಿಡಿ, ಅಂದರೆ ಹೃದಯದ ಬಡಿತ ಅಪಾಯಕಾರಿಯಾಗಿ ಹದ ತಪ್ಪಿದಾಗ ಶಾಕ್ ಕೊಟ್ಟು ಸರಿ ಮಾಡುವ ಸಾಧನ, ಇದ್ದವರು ಇನ್ನೂ ಹುಷಾರಾಗಿರಬೇಕು. ಮ್ಯಾಗ್ನೆಟ್ ಹತ್ತಿರ ಇರುವಷ್ಟು ಹೊತ್ತು ಅದು ಶಾಕ್ ಕೊಡುವುದನ್ನೇ ನಿಲ್ಲಿಸಬಹುದು. 2021ರ ಜನವರಿಯಲ್ಲಿ ಅಮೆರಿಕದ ಮಿಶಿಗನ್‌ನ ವೈದ್ಯರು ಇದನ್ನೇ ವರದಿ ಮಾಡಿದರು. ಐಸಿಡಿ ಇದ್ದ ರೋಗಿಯ ಎದೆ ಹತ್ತಿರ, ಒಳಗೆ ಮ್ಯಾಗ್ನೆಟ್ ಇರುವ ಐಫೋನ್ 12 ಹಿಡಿದಾಗ ಐಸಿಡಿಯ ಕೆಲಸ ನಿಂತಿತ್ತು. ಆಪಲ್ ಕಂಪನಿಯೇ ತನ್ನ ಫೋನ್‌ಗಳನ್ನು 15 ಸೆಂಟಿಮೀಟರ್‌ಗಿಂತ, ವೈರ್‌ಲೆಸ್ ಚಾರ್ಜ್ ಆಗುತ್ತಿದ್ದರೆ 30 ಸೆಂಟಿಮೀಟರ್‌ಗಿಂತ ದೂರ ಇಡಿ ಅನ್ನುತ್ತದೆ.

ನೀವು ಕವರ್ ವಿಷಯ ಬರೆದದ್ದು ಒಳ್ಳೆಯದಾಯಿತು. ಪುಸ್ತಕದ ಹಾಗೆ ಮುಚ್ಚುವ ಎಷ್ಟೋ ಕವರ್‌ಗಳಲ್ಲಿ ಮ್ಯಾಗ್ನೆಟ್ ಇರುತ್ತದೆ. ಒಂದು ಗುಂಡುಪಿನ್ ಹಿಡಿದು ನೋಡಿ, ಅಂಟಿಕೊಂಡರೆ ಕವರ್ ತೆಗೆದುಬಿಡಿ. ಇಯರ್‌ಬಡ್ ಡಬ್ಬಿಯಲ್ಲೂ ಮ್ಯಾಗ್ನೆಟ್ ಇರುತ್ತದೆ. ಅಡುಗೆಮನೆಯಲ್ಲಿ ಇಂಡಕ್ಷನ್ ಒಲೆ ಇದ್ದರೆ ಅದರಿಂದ ಎರಡು ಅಡಿ ದೂರ ನಿಲ್ಲಲಿ. ಎದೆ ಹತ್ತಿರ ಫೋನ್ ಇದ್ದಾಗ ತಲೆಸುತ್ತು ಬಂದರೆ, ಎದೆ ಡವಗುಟ್ಟಿದರೆ ಮೊದಲು ಫೋನ್ ದೂರ ಸರಿಸಲಿ, ಆಮೇಲೆ ವೈದ್ಯರಿಗೆ ಫೋನ್ ಮಾಡಿ.

ಮನೆಗೆ ಕಳಿಸುವಾಗ ಒಂದು ಕಾರ್ಡ್ ಕೊಟ್ಟಿರುತ್ತಾರೆ. ಹಾಕಿದ್ದು ಪೇಸ್‌ಮೇಕರಾ, ಐಸಿಡಿನಾ ಅಂತ ಅದರಲ್ಲಿ ನೋಡಿ. ಕಾರ್ಡ್ ಯಾವಾಗಲೂ ಅವರ ಹತ್ತಿರವೇ ಇರಲಿ. ಹೋದ ತಿಂಗಳು ಒಮ್ಮೆ ಬಿದ್ದವರು ಫೋನ್ ಇಲ್ಲದೆ ಒಬ್ಬರೇ ತೋಟಕ್ಕೆ ಹೋಗುತ್ತಿದ್ದಾರೆ ಅಂತ ಓದಿದಾಗ ನನಗೆ ಅದೇ ದೊಡ್ಡ ಅಪಾಯ ಅನ್ನಿಸಿತು. ದಯವಿಟ್ಟು ಇವತ್ತೇ ಅವರ ಕೈಗೆ ಫೋನ್ ಕೊಡಿಸಿ.

ಶಿರಸಿ_ಮಗಳು:

ಇಬ್ಬರಿಗೂ ಕೈ ಮುಗಿಯುತ್ತೇನೆ. ಕಾರ್ಡ್ ತೆಗೆಸಿ ನೋಡಿದೆ, ಪೇಸ್‌ಮೇಕರೇ. ಗುಂಡುಪಿನ್ ಕವರ್‌ಗೆ ಟಪ್ ಅಂತ ಅಂಟಿಕೊಂಡಿತಂತೆ, ತೆಗೆದುಹಾಕಿದರು. ಅಮ್ಮ ಹಳೆ ಪಂಚೆಯ ಅಂಚಿನಿಂದ ಚೀಲ ಹೊಲಿದು, ಸೊಂಟದ ಬಲಗಡೆಗೆ ಕಟ್ಟುವ ಹಾಗೆ ಮಾಡಿದ್ದಾಳೆ. ನೀವು ಬರೆದದ್ದನ್ನು ಅಪ್ಪಯ್ಯನಿಗೆ ಓದಿ ಹೇಳಿದೆ. "ಒಂದು ಗೇಣು ಅಲ್ವಾ, ಅಷ್ಟೇ ತಾನೇ" ಅಂತ ಎರಡು ಸಲ ಕೇಳಿದರು.

ಇವತ್ತು ಬೆಳಿಗ್ಗೆ ಹತ್ತೂಕಾಲಿಗೆ ತೋಟದಿಂದಲೇ ಫೋನ್ ಮಾಡಿದರು. ಹಿಂದೆ ಹಳ್ಳದ ನೀರಿನ ಸದ್ದು ಕೇಳುತ್ತಿತ್ತು.