ಚಿಕ್ಕಮ್ಮ, ಮೊದಲು ಗೀಸರ್ ಆಫ್ ಮಾಡಿ

ಚಿಕ್ಕಮ್ಮ, ಮೆಸೇಜ್ ಈಗ ನೋಡಿದೆ. ಬಚ್ಚಲುಮನೆಯ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತೆ, ಜಗಲಿಯ ಫ್ಯಾನ್ ತಿರುಗುತ್ತಿಲ್ಲ, ಕರೆದ ಇಬ್ಬರೂ ವಾರದಿಂದ "ನಾಳೆ ಬರ್ತೀನಿ" ಅನ್ನುತ್ತಿದ್ದಾರೆ, ಶಿವಮೊಗ್ಗದಲ್ಲಿ ನಂಬಿಕಸ್ಥರು ಯಾರಿದ್ದಾರೆ ಅಂತ ಕೇಳಿದ್ದೀರಿ.

ಫ್ಯಾನ್ ಕಾಯಲಿ. ನಲ್ಲಿಯ ವಿಷಯ ಕಾಯುವಂಥದ್ದಲ್ಲ. ಮೇನ್ ಬೋರ್ಡಿನಲ್ಲಿರುವ ಗೀಸರ್‌ನ ಸಣ್ಣ ಸ್ವಿಚ್ಚು, ಅದೇ ಎಂಸಿಬಿ, ಈಗಲೇ ಕೆಳಗೆ ಮಾಡಿ, ಒಣ ಕೈಯಲ್ಲಿ ಪ್ಲಗ್ಗನ್ನೂ ಕಿತ್ತಿಡಿ. ಆಮೇಲೂ ಜುಮ್ ಅಂದರೆ ಮೇನೇ ಇಳಿಸಿಬಿಡಿ. ಹೆಚ್ಚಾಗಿ ಗೀಸರ್ ಕಾಯಿಲ್ ಹೋಗಿ, ಸೋರಿದ ಕರೆಂಟನ್ನ ನೆಲಕ್ಕಿಳಿಸುವ ಅರ್ತಿಂಗೂ ಕೈಕೊಟ್ಟಾಗ ಹೀಗಾಗುತ್ತೆ. ಚಿಕ್ಕಪ್ಪ ಗ್ರೂಪಲ್ಲಿ "ರಬ್ಬರ್ ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡು" ಅಂದಿದ್ದಾರೆ. ಅದೊಂದು ಮಾತು ಮಾತ್ರ ಕೇಳಬೇಡಿ!

ಬರದವರದ್ದೂ ಪೂರ್ತಿ ತಪ್ಪಲ್ಲ ಬಿಡಿ. ಒಂದು ಫ್ಯಾನಿಗೋಸ್ಕರ ಏಣಿ ಹೊತ್ತು ಬಂದರೆ ಅವರಿಗೆ ಗಿಟ್ಟುವುದಿಲ್ಲ. ಹೊಸ ಮನೆಯ ವೈರಿಂಗ್ ಹಿಡಿದವರಂತೂ ಬರುವುದೇ ಇಲ್ಲ. ಅದಕ್ಕೇ ನಾನು ಸಣ್ಣಪುಟ್ಟದ್ದೆಲ್ಲ ಚೀಟಿಯಲ್ಲಿ ಬರೆದಿಟ್ಟು, ಐದಾರು ಸೇರಿದ ಮೇಲೆ ಕರೆಯುತ್ತೇನೆ. ನಿಮ್ಮ ಗೋಪಾಳದಲ್ಲೇ ಯಾವುದಾದರೂ ಎಲೆಕ್ಟ್ರಿಕಲ್ ಅಂಗಡಿಗೆ ಬೆಳಿಗ್ಗೆಯೇ ಹೋಗಿ. ಸಾಮಾನು ಒಯ್ಯಲು ವೈರ್‌ಮನ್‌ಗಳು ಬರುವ ಹೊತ್ತು ಅದು. "ಒಳ್ಳೇ ಎಲೆಕ್ಟ್ರಿಷಿಯನ್ ಯಾರು" ಅಂತ ಕೇಳಬೇಡಿ, "ರಿಪೇರಿಗೆ ಹೋಗೋರು ಯಾರು" ಅಂತ ಕೇಳಿ. ಬರೋ ಹೆಸರೇ ಬೇರೆ.

ಬಂದವರು ಸರಿಯೋ ಅಲ್ಲವೋ ಅಂತ ಗೊತ್ತಾಗುವುದು ಹೇಗೆ? ನಮ್ಮ ಮನೆ ಕತೆ ಕೇಳಿ. ಎರಡು ವರ್ಷದ ಹಿಂದೆ, ಆರಿದ್ರ ಮಳೆ. ರಾತ್ರಿ ಜೋರು ಹೊಡೆದಾಗಲೆಲ್ಲ ಮೇನ್ ಬೋರ್ಡಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು, ಟಪ್ ಅಂತ ಬೀಳೋದು. ಮೊದಲು ಬಂದವನು ಅದನ್ನೇ ಬಿಚ್ಚಿ, ವೈರ್ ನೇರ ಸೇರಿಸಿ, "ಇನ್ನು ಬೀಳಲ್ಲ ಸಾರ್" ಅಂದ. ಹತ್ತು ನಿಮಿಷದ ಕೆಲಸ. ನಿಜ, ಬೀಳಲಿಲ್ಲ. ನಾನೂ ಖುಷಿಯಲ್ಲಿ ದುಡ್ಡು ಕೊಟ್ಟು ಕಳಿಸಿದೆ, ಪೆದ್ದನ ಹಾಗೆ.

ಆಮೇಲೆ ಬೇರೆ ಕೆಲಸಕ್ಕೆ ಬಂದ ವಯಸ್ಸಾದವರೊಬ್ಬರು ಡಬ್ಬಿ ತೆಗೆದವರೇ ನನ್ನ ಮುಖ ನೋಡಿದರು. "ಇದನ್ನ ಯಾರು ಮಾಡಿದ್ದು?" ಹೋದ ಕರೆಂಟು ಅಷ್ಟೂ ವಾಪಸ್ ಬರದೆ ಎಲ್ಲೋ ಸೋರಿದರೆ ಬೀಳಬೇಕಾದ್ದೇ ಆರ್‌ಸಿಸಿಬಿಯ ಕೆಲಸ. ಮನೆಗೆ ಹಾಕುವುದು 30 ಮಿಲಿಆಂಪ್‌ನದ್ದು. ಎಂಸಿಬಿ ವೈರ್ ಸುಡದ ಹಾಗೆ ಕಾಯುತ್ತೆ, ಇದು ಮನುಷ್ಯರನ್ನ ಕಾಯೋದು. ಅವರು ಹೊಸದು ಹಾಕಿ, ಎಂಸಿಬಿ ಎಲ್ಲ ಇಳಿಸಿ, ಒಂದೊಂದಾಗಿ ಏರಿಸಿದರು. ನಾಲ್ಕನೆಯದಕ್ಕೆ ಟಪ್! ಹೊರಗಿನ ಲೈನು. ಸೂರಿನ ಕೆಳಗಿನ ಬಲ್ಬ್ ಹೋಲ್ಡರ್ ಬಿಚ್ಚಿದರೆ ಒಳಗೆ ನೀರು, ಜೊತೆಗೆ ಒಂದು ಮುಷ್ಟಿ ಸತ್ತ ಇರುವೆ. ಹೋಲ್ಡರ್ ಬದಲಿಸಿದರು, ಮುಗೀತು.

ಅವತ್ತಿಂದ ನಾನು ಕೈ ನೋಡುತ್ತೇನೆ, ಮಾತು ಕೇಳಲ್ಲ. ಬಂದ ಕೂಡಲೇ ಮೇನ್ ಎಲ್ಲಿದೆ ಅಂತ ಕೇಳುತ್ತಾರಾ? ಆಫ್ ಮಾಡಿದ ಮೇಲೂ ಟೆಸ್ಟರ್ ಇಟ್ಟು ನೋಡುತ್ತಾರಾ? ಸ್ವಿಚ್ಚು ಕರೆಂಟು ಬರುವ ಫೇಸ್ ವೈರ್‌ಗೇ ಇರಬೇಕು. ವಾಪಸ್ ಹೋಗುವ ನ್ಯೂಟ್ರಲ್ ವೈರ್‌ಗೆ ಕೊಟ್ಟರೆ ದೀಪ ಆರಿದರೂ ಹೋಲ್ಡರ್‌ನಲ್ಲಿ ಕರೆಂಟ್ ಇರುತ್ತೆ. ವೈರ್‌ಮನ್ ಪರ್ಮಿಟ್ ಇದೆಯಾ ಅಂತ ಕೇಳಿದರೆ ಸಿಟ್ಟಾಗೋರು ಬೇಡ. ಮತ್ತೆ ಕಂಬದ ಕಡೆ ಕಿಡಿ ಹಾರಿದರೆ ಇವರನ್ನ ಹತ್ತಿಸಬೇಡಿ, ಅದು ಮೆಸ್ಕಾಂನವರ ಕೆಲಸ, 1912ಕ್ಕೆ ಫೋನ್ ಮಾಡಿ.

ನಮ್ಮ ಆ ಹಿರಿಯರನ್ನ ಕೇಳಿ ಸಂಜೆ ಹೇಳುತ್ತೇನೆ. ಅವರು ಒಪ್ಪಿದರೆ ಭಾನುವಾರ ನಾನೇ ಕರೆದುಕೊಂಡು ಬರುತ್ತೇನೆ. ಗೀಸರ್, ಅರ್ತ್ ಗುಂಡಿ, ಫ್ಯಾನು, ಮತ್ತೇನಿದೆಯೋ ಚೀಟಿ ಮಾಡಿಡಿ. ಅಲ್ಲಿವರೆಗೆ ಚಿಕ್ಕಪ್ಪನ ಕೈಗೆ ಟೆಸ್ಟರ್ ಸಿಗದ ಹಾಗೆ ನೋಡಿಕೊಳ್ಳಿ.