ಜರ್ಮನಿಯಲ್ಲಿ ಅಪ್ಪನಿಗೆ ನ್ಯುಮೋನಿಯಾ: ಷೆಂಗೆನ್ ವೀಸಾ ಮುಂದುವರಿಸೋದು ಹೇಗೆ?

ಹನುಮಂತನಗರದವ

ಅಪ್ಪ (72), ಅಮ್ಮ (66) ಸ್ಟುಟ್‌ಗಾರ್ಟ್ ಪಕ್ಕದ ಸಣ್ಣ ಊರಲ್ಲಿರೋ ತಂಗಿ ಮನೇಲಿದ್ದಾರೆ. ಜನವರಿ 12ಕ್ಕೆ ಇಳಿದರು. ಕಳೆದ ವಾರ ಅಪ್ಪನಿಗೆ ನ್ಯುಮೋನಿಯಾ ಅಂತ ಅಡ್ಮಿಟ್ ಮಾಡಿಕೊಂಡರು, ನಾಳಿದ್ದು ಡಿಸ್ಚಾರ್ಜ್. ಏಪ್ರಿಲ್ ಮೊದಲ ವಾರದ ತನಕ ವಿಮಾನ ಹತ್ತಬಾರದು ಅಂದಿದ್ದಾರೆ ಡಾಕ್ಟ್ರು. ವಾಪಸ್ ಟಿಕೆಟ್ ಮಾರ್ಚ್ 10ಕ್ಕೆ, ಸ್ಟುಟ್‌ಗಾರ್ಟ್–ಪ್ಯಾರಿಸ್–ಬೆಂಗಳೂರು. ಇಬ್ಬರದೂ 60 ದಿನದ ವೀಸಾ, ಮಾರ್ಚ್ 25ರ ತನಕ ಅಂತ ಇದೆ. ಇವತ್ತು ಮಾರ್ಚ್ 2, ಅಂದರೆ ಮೂರು ವಾರ ಟೈಮಿದೆ ಅಂದುಕೊಂಡಿದ್ದೀನಿ.

ಇಲ್ಲೇ ಬೆಂಗಳೂರಲ್ಲಿ ವೀಸಾ ಸೆಂಟರ್‌ಗೋ ಜರ್ಮನ್ ಕಾನ್ಸುಲೇಟ್‌ಗೋ ಹೋಗಿ ನಾನು ಮಾಡಿಸಬಹುದಾ? ಅಮ್ಮನಿಗೆ ಏನೂ ಕಾಯಿಲೆ ಇಲ್ಲ, ಅವರಿಗೂ ಸಿಗುತ್ತಾ? ಸ್ವಿಟ್ಜರ್ಲೆಂಡ್‌ಗೆ ಒಂದು ದಿನ ಹೋಗಿ ಬಂದರೆ ದಿನ ಹೊಸದಾಗಿ ಶುರುವಾಗುತ್ತೆ ಅಂತ ಒಬ್ಬರು ಹೇಳಿದರು, ನಿಜಾನಾ? ಅಪ್ಪನ ಬಿಪಿ, ಶುಗರ್ ಮಾತ್ರೆ ಮಾರ್ಚ್ 15ಕ್ಕೆ ಮುಗಿಯುತ್ತೆ, ಕೊರಿಯರ್ ಮಾಡಬಹುದಾ ಅನ್ನೋದೂ ತಿಳಿಸಿ.

ವೀಸಾ ಕಡತ

ಮೊದಲು ಒಂದು ಮಾತು, ನಿಮಗೆ ಮೂರು ವಾರ ಇಲ್ಲ. ಹತ್ತೇ ದಿನ ಇರೋದು.

ತಂಗಿಗೆ ಹೇಳಿ ಪಾಸ್‌ಪೋರ್ಟಿನ ವೀಸಾ ಸ್ಟಿಕ್ಕರ್ ಫೋಟೋ ತರಿಸಿಕೊಳ್ಳಿ. ಮೇಲೆ ಎರಡು ತಾರೀಕು ಇರುತ್ತೆ, ಜನವರಿ 10ರಿಂದ ಮಾರ್ಚ್ 25 ಅಂತ ಇರಬೇಕು. ಅದು 75 ದಿನ. ಕೆಳಗೆ ಬೇರೆ ಜಾಗದಲ್ಲಿ 60 ಅಂತ ಇದ್ದು, ಪಕ್ಕದಲ್ಲಿ 'ಟಾಗೆ' ಅಂತ ಇರುತ್ತೆ. ಟಾಗೆ ಅಂದರೆ ದಿನಗಳು. ಒಳಗೆ ಇರಬಹುದಾದದ್ದು ಆ 60 ದಿನ ಮಾತ್ರ. ಮಿಕ್ಕ 15 ದಿನ ಹೊರಡೋ ತಾರೀಕು ಹಿಂದೆ ಮುಂದೆ ಆದರೆ ಇರಲಿ ಅಂತ ಬಿಟ್ಟಿರೋದು, ಹೆಚ್ಚಿಗೆ ಉಳಿಯೋಕಲ್ಲ. ಇಳಿದ ದಿನವೂ ಲೆಕ್ಕಕ್ಕೆ ಸೇರುತ್ತೆ, ಹೊರಡೋ ದಿನವೂ ಸೇರುತ್ತೆ. ಜನವರಿಯಲ್ಲಿ 20, ಫೆಬ್ರವರಿಯಲ್ಲಿ 28, ಮಾರ್ಚಲ್ಲಿ 12. ಮಾರ್ಚ್ 12ಕ್ಕೆ 60 ತುಂಬುತ್ತೆ. ದಿನ ಮೀರಿ ಸಿಕ್ಕಿಹಾಕಿಕೊಳ್ಳೋರು ಹೆಚ್ಚಾಗಿ ಎಡವೋದು ಈ ಎರಡು ಸಾಲುಗಳ ಮಧ್ಯೆಯೇ.

ಬೆಂಗಳೂರಲ್ಲಿ ಯಾರ ಹತ್ತಿರ ಹೋದರೂ ಇದು ಆಗಲ್ಲ. ಒಳಗೆ ಹೋದ ಮೇಲೆ ವೀಸಾ ಮುಂದುವರಿಸೋ ಅಧಿಕಾರ ಆ ವ್ಯಕ್ತಿ ಈಗ ಇರೋ ದೇಶದ್ದು. ಜರ್ಮನಿಯಲ್ಲಿ ಅದು ಔಸ್‌ಲೆಂಡರ್‌ಬೆಹೋರ್ಡೆ, ಅಂದರೆ ವಿದೇಶಿಯರ ಕಚೇರಿ. ಸ್ವಿಟ್ಜರ್ಲೆಂಡ್ ಕೂಡ ಷೆಂಗೆನ್, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ ಒಳಗೇ ಇದೆ, ಹೋಗಿ ಬಂದರೆ ಒಂದು ದಿನವೂ ವಾಪಸ್ ಬರಲ್ಲ. ಲಂಡನ್‌ಗೆ ಹೋಗಿ ಬಂದರೂ ಅಷ್ಟೇ, ಕಳೆದ ದಿನ ಕಳೆದ ಹಾಗೆಯೇ. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಬೆರಳಚ್ಚು, ಫೋಟೋ ಸಮೇತ ದಾಖಲಿಸೋ ಇಇಎಸ್ ವ್ಯವಸ್ಥೆ ಶುರುವಾಗಿದೆ, ದಿನದ ಲೆಕ್ಕ ಕಂಪ್ಯೂಟರೇ ಹಾಕುತ್ತೆ.

ಕಾನೂನು ನಿಮ್ಮ ಕಡೆಗೇ ಇದೆ. ಷೆಂಗೆನ್ ವೀಸಾ ಸಂಹಿತೆ, ಅಂದರೆ 2009ರ 810ನೇ ನಿಯಮಾವಳಿ, ಅದರ 33ನೇ ವಿಧಿ ನೋಡಿ. ಕೈಮೀರಿದ ಪರಿಸ್ಥಿತಿಯಿಂದಲೋ ಮಾನವೀಯ ಕಾರಣಕ್ಕೋ ಹೊರಡೋಕೆ ಆಗ್ತಿಲ್ಲ ಅಂತ ರುಜುವಾತಾದರೆ ಮುಂದುವರಿಸಲೇಬೇಕು, ಶುಲ್ಕ ಇಲ್ಲ. ಅಪ್ಪ ಇದರ ಕೆಳಗೆ ಬರ್ತಾರೆ. ಅದೇ ವಿಧಿಯ ಎರಡನೇ ಭಾಗ 'ಗಂಭೀರ ವೈಯಕ್ತಿಕ ಕಾರಣ'. ಅದರಲ್ಲಿ ಮುಂದುವರಿಸಬಹುದು ಅಂತ ಮಾತ್ರ ಇದೆ, 30 ಯೂರೋ ಶುಲ್ಕ. ಅಮ್ಮನನ್ನ ಬಹುಶಃ ಇದರ ಕೆಳಗೆ ತಗೋತಾರೆ. ಹಾಗಾಗಿ ಇಬ್ಬರಿಗೂ ಬೇರೆ ಬೇರೆ ಅರ್ಜಿ ಹಾಕಿ. ಅಪ್ಪನ ಅರ್ಜಿಯಲ್ಲಿ 'ಹೆಂಡತಿಯೂ ಜೊತೆಗಿದ್ದಾರೆ' ಅಂತ ಒಂದು ಸಾಲು ಸೇರಿಸಿಬಿಟ್ಟರೆ ಅಮ್ಮನ ಪಾಸ್‌ಪೋರ್ಟಿಗೆ ಏನೂ ಆಗಲ್ಲ.

ಎಷ್ಟು ದಿನ ಕೇಳಬೇಕು? ಷೆಂಗೆನ್ ಒಳಗೆ ಯಾವುದೇ 180 ದಿನದಲ್ಲಿ ಒಟ್ಟು 90 ದಿನ ಅನ್ನೋದು ಮಿತಿ. ಕಳೆದ 180 ದಿನದಲ್ಲಿ ಬೇರೆ ಯುರೋಪ್ ಪ್ರವಾಸ ಇಲ್ಲದಿದ್ದರೆ 90ನೇ ದಿನ ಏಪ್ರಿಲ್ 11ಕ್ಕೆ ಬರುತ್ತೆ. ಅಲ್ಲಿ ತನಕ ಷೆಂಗೆನ್ ವೀಸಾವನ್ನೇ ಮುಂದುವರಿಸಬಹುದು. ಅದನ್ನ ದಾಟಿದರೆ ಜರ್ಮನಿಯ ನಿವಾಸ ಕಾಯ್ದೆಯ 6ನೇ ಕಲಮಿನ ಪ್ರಕಾರ ಮುಂದಿನ 90 ದಿನ ರಾಷ್ಟ್ರೀಯ ವೀಸಾ ಆಗಿ ಕೊಡ್ತಾರೆ, ಅದು ಬೇರೆ ತಲೆನೋವು. ಡಾಕ್ಟ್ರು ಏಪ್ರಿಲ್ ಮೊದಲ ವಾರ ಅಂತಿದ್ದರೆ 11ರೊಳಗೇ ಮುಗಿಸೋದು ಒಳ್ಳೇದು.

ಅಮೆರಿಕದ ಅನುಭವದ ಮೇಲೆ ಇದನ್ನ ಅಳೀಬೇಡಿ. ಅಲ್ಲಿ ಐ-94, ಅಂದರೆ ಎಲ್ಲಿ ತನಕ ಇರಬಹುದು ಅನ್ನೋ ದಾಖಲೆ, ಮುಗಿಯೋ ಮುಂಚೆ ಐ-539 ಅನ್ನೋ ವಿಸ್ತರಣೆ ಅರ್ಜಿ ಹಾಕಿದರೆ ತೀರ್ಮಾನ ಬರೋ ತನಕ ಕಾಯಬಹುದು. ಜರ್ಮನಿಯಲ್ಲಿ ಷೆಂಗೆನ್ ವೀಸಾಗೆ ಆ ರಕ್ಷಣೆ ಇಲ್ಲ, ಅದೇ ನಿವಾಸ ಕಾಯ್ದೆಯ 81ನೇ ಕಲಮು ಅದನ್ನ ಸ್ಪಷ್ಟವಾಗಿ ಹೊರಗಿಟ್ಟಿದೆ. 'ಅರ್ಜಿ ಹಾಕಿದ್ದೀವಲ್ಲ' ಅಂತ ಸುಮ್ಮನೆ ಕೂರೋ ಹಾಗಿಲ್ಲ. 12ರೊಳಗೆ ಸ್ಟಿಕ್ಕರ್ ಬೀಳಬೇಕು, ಇಲ್ಲವಾದರೆ ಕಚೇರಿಯಿಂದ ಬರಹದಲ್ಲಿ ಏನಾದರೂ ಕೈಗೆ ಬರಬೇಕು.

ಹನುಮಂತನಗರದವ

ಸಾರ್, 60ರ ಸಾಲು ನೀವು ಹೇಳಿದ ಹಾಗೇ ಇದೆ. ಎದೆ ಧಸಕ್ ಅಂತು. ತಂಗಿ ನಾಳೆ ಬೆಳಗ್ಗೆ ಎಲ್ಲಿಂದ ಶುರು ಮಾಡಬೇಕು? ಅಪ್ಪ ಇನ್ನೂ ವಾರ್ಡಲ್ಲೇ ಇದ್ದಾರೆ, ಕಚೇರಿಗೆ ಬರೋಕಾಗಲ್ಲ.

ವೀಸಾ ಕಡತ

ಯಾವ ಕಚೇರಿ ಅನ್ನೋದರಿಂದ ಶುರು ಮಾಡಲಿ. ಊರು ಚಿಕ್ಕದಾದರೆ ಅರ್ಜಿ ಆ ಊರಿನ ಪುರಸಭೆಗೋ ಜಿಲ್ಲಾ ಕಚೇರಿಯಾದ ಲಾಂಡ್‌ರಾಟ್ಸ್‌ಆಮ್ಟ್‌ಗೋ ಸೇರುತ್ತೆ, ಸ್ಟುಟ್‌ಗಾರ್ಟ್ ನಗರದ ಕಚೇರಿಗಲ್ಲ. ತಪ್ಪು ಕಡೆ ಕಳಿಸಿದರೆ 'ನಮ್ಮದಲ್ಲ' ಅಂತ ಉತ್ತರ ಬರೋಕೇ ವಾರ ಹೋಗುತ್ತೆ. ತಂಗಿಯ ನಿವಾಸ ಪರವಾನಗಿ ಕೊಟ್ಟ ಕಚೇರಿಯೇ ಸಾಮಾನ್ಯವಾಗಿ ಇದಕ್ಕೂ ಸರಿಯಾದ ಜಾಗ.

ಆನ್‌ಲೈನ್ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಜರ್ಮನ್ ಭಾಷೆಯಲ್ಲೇ ಇಮೇಲ್ ಹಾಕಿಸಿ, ವಿಷಯದ ಸಾಲಲ್ಲೇ 'ತುರ್ತು, ಷೆಂಗೆನ್ ವೀಸಾ ಮಾರ್ಚ್ 12ಕ್ಕೆ ಮುಗಿಯುತ್ತೆ, ರೋಗಿ ಆಸ್ಪತ್ರೆಯಲ್ಲಿ' ಅಂತ ಇರಲಿ. ಒಳಗೆ ಹೆಸರು, ಹುಟ್ಟಿದ ತಾರೀಕು, ಪಾಸ್‌ಪೋರ್ಟ್ ನಂಬರ್, ಯಾವ ತಾರೀಕಿನ ತನಕ ಬೇಕು, 33ನೇ ವಿಧಿಯ ಉಲ್ಲೇಖ. ಐದಾರು ಸಾಲು ಸಾಕು, ಕಥೆ ಬೇಡ. ಎರಡು ದಿನದಲ್ಲಿ ಉತ್ತರ ಬರದಿದ್ದರೆ ಪ್ರಿಂಟ್ ಹಿಡಿದು ನೇರ ಹೋಗಬೇಕು. ಕಳಿಸಿದ ಇಮೇಲ್, ಬಂದ ಸ್ವಯಂ ಉತ್ತರ, ಯಾವುದನ್ನೂ ಅಳಿಸಬೇಡಿ.

ಅಪ್ಪ ಬರಲಾಗದಿದ್ದರೆ ಫೋಲ್‌ಮಾಖ್ಟ್, ಅಂದರೆ ಅಧಿಕಾರ ಪತ್ರ. 'ನನ್ನ ಪರವಾಗಿ ಮಗಳು ಅರ್ಜಿ ಕೊಟ್ಟು ಪಾಸ್‌ಪೋರ್ಟ್ ಪಡೆಯಬಹುದು' ಅಂತ ಬರೆದು ಅಪ್ಪ ಸಹಿ ಹಾಕಲಿ, ಪಾಸ್‌ಪೋರ್ಟಿನಲ್ಲಿ ಇರೋ ಸಹಿ ಹಾಗೇ ಇರಬೇಕು. ಜೊತೆಗೆ 35×45 ಮಿಲಿಮೀಟರ್ ಫೋಟೋ, ಡಾಕ್ಟರ್ ಪತ್ರ, ಮುಂದಿನ ದಿನಗಳಿಗೂ 30,000 ಯೂರೋ ಮೊತ್ತದ ವಿಮೆ, ಹೊಸ ತಾರೀಕಿನ ಟಿಕೆಟ್, ಖರ್ಚಿಗೆ ಹಣ ಇದೆ ಅನ್ನೋ ದಾಖಲೆ. ವೀಸಾ ಮಾಡಿಸುವಾಗ ತಂಗಿ ಹೊಣೆಗಾರಿಕೆ ಪತ್ರ ಕೊಟ್ಟಿದ್ದರೆ ಅದರ ಪ್ರತಿಯೂ ಬೇಕು. ಆ ಪತ್ರದ ಪ್ರಕಾರ ಸರ್ಕಾರ ಆಸ್ಪತ್ರೆ ಖರ್ಚು ಭರಿಸಬೇಕಾಗಿ ಬಂದರೆ ಅದನ್ನ ತಂಗಿಯಿಂದಲೇ ವಸೂಲಿ ಮಾಡಬಹುದು, ಇದು ಅವಳಿಗೆ ಗೊತ್ತಿರಲಿ.

ಎದೆಗೂಡು

ಶ್ವಾಸಕೋಶ ವಿಭಾಗದಲ್ಲಿ ಕೆಲಸ ಮಾಡ್ತೀನಿ, ಡಾಕ್ಟರ್ ಪತ್ರದ ಬಗ್ಗೆ ಮಾತ್ರ ಹೇಳ್ತೀನಿ. ಇಡೀ ಅರ್ಜಿ ನಿಲ್ಲೋದು ಅದರ ಮೇಲೆ.

'ವಿಶ್ರಾಂತಿ ಅಗತ್ಯ', 'ಪ್ರಯಾಣ ಮಾಡದಿರುವುದು ಒಳಿತು' ಅಂತ ಬರೆದರೆ ಅಧಿಕಾರಿ ಅದನ್ನ ಸಲಹೆ ಅಂತ ಓದ್ತಾರೆ. 'ನಾಲ್ಕು ವಾರ' ಅಂತ ಬರೆದರೆ ಯಾವತ್ತಿನಿಂದ ನಾಲ್ಕು ವಾರ ಅನ್ನೋ ಪ್ರಶ್ನೆ ಬರುತ್ತೆ. ಪತ್ರದಲ್ಲಿ ಬೇಕಾದ ವಾಕ್ಯ ಒಂದೇ: 'ರೋಗಿ ಇಂಥ ತಾರೀಕಿನ ತನಕ ವಿಮಾನ ಪ್ರಯಾಣಕ್ಕೆ ಅಸಮರ್ಥ.' ಅಡ್ಮಿಟ್ ಆದ ದಿನ, ಡಿಸ್ಚಾರ್ಜ್ ದಿನ, ಕಾಯಿಲೆ ಹೆಸರು, ಕೂತಾಗ ರಕ್ತದ ಆಮ್ಲಜನಕ ಎಷ್ಟು, ಮುಂದಿನ ತಪಾಸಣೆ ಯಾವಾಗ, ಇವು ಕೆಳಗೆ ಇರಲಿ. ಕೊನೆಯಲ್ಲಿ 'ಪತ್ನಿಯ ಆರೈಕೆ ಅಗತ್ಯ' ಅಂತ ಒಂದು ಸಾಲು ಬರೆಸಿಕೊಳ್ಳಿ, ನಿಮ್ಮ ತಾಯಿಯ ಅರ್ಜಿಗೆ ಆಧಾರ ಅದೇ. ಡಿಸ್ಚಾರ್ಜ್ ಆಗೋ ಮುಂಚೆ ವಾರ್ಡಲ್ಲೇ ಕೇಳಿ. ಮನೆಗೆ ಬಂದ ಮೇಲೆ ಆ ಡಾಕ್ಟರ್ ಕೈಗೆ ಸಿಗೋದು ಕಷ್ಟ.

ಯಾಕೆ ಹತ್ತಬಾರದು ಅಂತಾರೆ ಗೊತ್ತಾ? ವಿಮಾನದೊಳಗಿನ ಗಾಳಿಯ ಒತ್ತಡ 1,800ರಿಂದ 2,400 ಮೀಟರ್ ಎತ್ತರದಲ್ಲಿ ಇದ್ದ ಹಾಗಿರುತ್ತೆ. ಮುಳ್ಳಯ್ಯನಗಿರಿ ತುದಿಯೇ ಸುಮಾರು 1,930 ಮೀಟರ್. ನ್ಯುಮೋನಿಯಾದಿಂದ ಎದ್ದವರನ್ನ ಅಂಥ ತುದಿಯಲ್ಲಿ ಒಂಬತ್ತು ಗಂಟೆ ಕೂರಿಸಿದ ಹಾಗೆ. ನೆಲದ ಮೇಲೆ ಶೇಕಡಾ 92 ಇದ್ದ ರಕ್ತದ ಆಮ್ಲಜನಕದ ಮಟ್ಟ ಅಲ್ಲಿ 90ಕ್ಕಿಂತ ಸಾಕಷ್ಟು ಕೆಳಗಿಳಿಯುತ್ತೆ.

ವಾಪಸ್ ಬರುವಾಗ ಆ ಮಟ್ಟ 95ಕ್ಕಿಂತ ಕಡಿಮೆ ಇದ್ದರೆ ವಿಮಾನ ಕಂಪನಿಯ ಮೆಡಿಫ್ ಫಾರಂ, ಅಂದರೆ ಪ್ರಯಾಣಿಕರ ಆರೋಗ್ಯದ ಮಾಹಿತಿ ಪತ್ರ, ಡಾಕ್ಟರ್ ಕೈಲಿ ತುಂಬಿಸಿ ಮುಂಚೆಯೇ ಕಳಿಸಿ. ಆಮ್ಲಜನಕ ಬೇಕಾದರೆ ಅವರ ಒಪ್ಪಿಗೆ ಬೇಕು, ಸ್ವಂತ ಸಿಲಿಂಡರ್ ಒಯ್ಯೋ ಹಾಗಿಲ್ಲ.

ಮಾತ್ರೆ ಕೊರಿಯರ್ ಮಾಡಬೇಡಿ. ಹೊರದೇಶದಿಂದ ಖಾಸಗಿ ವ್ಯಕ್ತಿಗೆ ಅಂಚೆಯಲ್ಲಿ ಔಷಧ ಕಳಿಸೋದಕ್ಕೆ ಜರ್ಮನಿಯಲ್ಲಿ ಅನುಮತಿ ಇಲ್ಲ, ಕಸ್ಟಮ್ಸಲ್ಲಿ ನಿಲ್ಲುತ್ತೆ. ಪ್ರಯಾಣಿಕ ಜೊತೆಗೆ ತರೋದಕ್ಕೆ ಮಾತ್ರ ಮೂರು ತಿಂಗಳ ಸ್ವಂತ ಬಳಕೆಯಷ್ಟು ಅವಕಾಶ. ಸ್ಟ್ರಿಪ್ಪಿನ ಹಿಂಭಾಗದ ಫೋಟೋ ತೆಗೆದು ಅಲ್ಲಿನ ಡಾಕ್ಟರಿಗೆ ತೋರಿಸಿ. ನಮ್ಮ ಬ್ರಾಂಡ್ ಹೆಸರು ಅವರಿಗೆ ಅರ್ಥ ಆಗಲ್ಲ, ಟೆಲ್ಮಿಸಾರ್ಟನ್ 40 ಮಿಲಿಗ್ರಾಂ, ಮೆಟ್‌ಫಾರ್ಮಿನ್ 500 ಅಂತ ಮೂಲ ಹೆಸರಿದ್ದರೆ ಚೀಟಿ ಬರೆದುಕೊಡ್ತಾರೆ, ಯಾವ ಔಷಧಿ ಅಂಗಡಿಯಲ್ಲೂ ಸಿಗುತ್ತೆ.

ಪಾಲಿಸಿ ಪುಟ

ವಿಮೆ ಕಡೆ ಒಂದು ಎಚ್ಚರಿಕೆ. ಇಲ್ಲಿ ತಗೊಂಡ ಟ್ರಾವೆಲ್ ಪಾಲಿಸಿ ಮುಗಿಯೋ ಮುಂಚೆ, ಇವತ್ತೇ, ಕಂಪನಿಗೆ ಮೇಲ್ ಹಾಕಿ ಎರಡು ಬೇರೆ ಬೇರೆ ಪ್ರಶ್ನೆ ಕೇಳಿ. ಒಂದು, ಆಸ್ಪತ್ರೆಯಲ್ಲಿದ್ದರೆ ತಾನಾಗಿ ಮುಂದುವರಿಯೋ ಷರತ್ತು ಇದೆಯಾ, ಎಷ್ಟು ದಿನ. ಇನ್ನೊಂದು, ದುಡ್ಡು ಕಟ್ಟಿ ವಿಸ್ತರಿಸಬಹುದಾ. ಎರಡನೇದಕ್ಕೆ 'ಆರೋಗ್ಯವಾಗಿದ್ದಾರೆ' ಅಂತ ಘೋಷಣೆ ಕೇಳ್ತಾರೆ. ಅಲ್ಲಿ ನ್ಯುಮೋನಿಯಾ ಮುಚ್ಚಿಟ್ಟರೆ ಈಗಿನ ಕ್ಲೇಮೂ ಹೋಗುತ್ತೆ. ಇದ್ದದ್ದು ಇದ್ದ ಹಾಗೆ ಬರೆಯಿರಿ.

ಅಪ್ಪನಿಗೆ ಇಲ್ಲಿನ ಕಂಪನಿ ಒಪ್ಪದಿದ್ದರೆ ಜರ್ಮನಿಯಲ್ಲಿ ಅತಿಥಿಗಳಿಗೆ ಅಂತಲೇ ಇರೋ ಪಾಲಿಸಿ ವಿಚಾರಿಸಿ. ಈಗಿನ ಕಾಯಿಲೆಗೆ ಅದು ದುಡ್ಡು ಕೊಡಲ್ಲ, ಮುಂದಿನ ದಿನಗಳಿಗೆ ವಿಮೆ ಇದೆ ಅಂತ ತೋರಿಸೋಕೆ, ಹೊಸದಾಗಿ ಏನಾದರೂ ಆದರೆ ಅದಕ್ಕೆ ಬರುತ್ತೆ. ಅಮ್ಮನ ಪಾಲಿಸಿ ವಿಸ್ತರಣೆ ಸಾಮಾನ್ಯವಾಗಿ ಸಲೀಸು.

ಟಿಕೆಟ್ ವಿಷಯ: 10ನೇ ತಾರೀಕು ವಿಮಾನ ಹೊರಡೋ ಮುಂಚೆಯೇ ಡಾಕ್ಟರ್ ಪತ್ರ ಕಳಿಸಿ ಬದಲಾಯಿಸಿ. ಸುಮ್ಮನೆ ಹೋಗದೆ ಬಿಟ್ಟರೆ ನೋ ಶೋ ಅಂತ ಬಿದ್ದು ಟಿಕೆಟ್ಟಿಗೆ ಬೆಲೆಯೇ ಇರಲ್ಲ.

ವೀಸಾ ಕಡತ

ಟಿಕೆಟ್ ಬದಲಾಯಿಸುವಾಗ ಪ್ಯಾರಿಸ್ ದಾರಿ ಬಿಡಿ. ಆ ದಾರಿಯಲ್ಲಿ ಹೊರಹೋಗೋ ತಪಾಸಣೆ ಆಗೋದು ಫ್ರಾನ್ಸಲ್ಲಿ. ಹೊಸ ಸ್ಟಿಕ್ಕರ್ ಜರ್ಮನಿಗೆ ಮಾತ್ರ ಅಂತ ಬಂದರೆ ಅಲ್ಲಿ ಪ್ರಶ್ನೆ ಏಳುತ್ತೆ, ಇನ್ನೂ ಸುಸ್ತಲ್ಲಿರೋ ಅಪ್ಪನನ್ನ ಕೌಂಟರ್ ಮುಂದೆ ನಿಲ್ಲಿಸಬೇಕಾಗುತ್ತೆ. ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ನೇರ ವಿಮಾನ ಇದೆ. ದುಬೈ ಮೇಲೆ ಬಂದರೂ ತೊಂದರೆ ಇಲ್ಲ, ಜರ್ಮನಿಯಲ್ಲೇ ತಪಾಸಣೆ ಮುಗಿದಿರುತ್ತೆ. ವೀಲ್‌ಚೇರ್ ಬುಕ್ ಮಾಡಿ. ಡಾಕ್ಟರ್ ಪತ್ರ, ಕಚೇರಿಯ ಇಮೇಲ್ ಪ್ರಿಂಟ್ ಎರಡನ್ನೂ ಅಮ್ಮನ ಕೈಚೀಲದಲ್ಲಿ ಇಡಿಸಿ, ಚೆಕ್-ಇನ್ ಸೂಟ್‌ಕೇಸಲ್ಲಿ ಬೇಡ.

ಹನುಮಂತನಗರದವ

ತಂಗಿ ಈಗಷ್ಟೇ ಇಮೇಲ್ ಕಳಿಸಿದಳು, ಇಬ್ಬರಿಗೂ ಬೇರೆ ಬೇರೆ. ನಾಳೆ ಬೆಳಗ್ಗೆ ರೌಂಡ್ಸ್ ಹೊತ್ತಿಗೆ ಡಾಕ್ಟರನ್ನ ಹಿಡಿದು 'ಏಪ್ರಿಲ್ 6ರ ತನಕ' ಅಂತ ತಾರೀಕು ಹಾಕಿಸಿಕೊಳ್ತಾಳಂತೆ. ವಿಮೆ ಕಂಪನಿಗೆ ನಾನು ಬರೀತಿದ್ದೀನಿ.