ಕಪ್ ಫೈನಲ್: ಕೆಮ್ಮಣ್ಣಿನ ಮೈದಾನ, ಲೈಟ್ ಇಲ್ಲ, ಮ್ಯಾಚ್ ಸಮ ಆದರೆ ಹೇಗೆ?

ಎಡಗಾಲು_ಬಂಗಾರಪೇಟೆ
ಜನವರಿ ಕೊನೇ ಭಾನುವಾರ ಫೈನಲ್. ಒಂದು ಕಡೆ ಬಂಗಾರಪೇಟೆ ಟೀಮು, ಇನ್ನೊಂದು ಕಡೆ ಕೆಜಿಎಫ್ ರಾಬರ್ಟ್‌ಸನ್‌ಪೇಟೆ ಟೀಮು. ಇವರಿಬ್ಬರ ಪೈಪೋಟಿ ಎಂಥದ್ದು ಅಂತ ಕೋಲಾರ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೈದಾನದಲ್ಲಿ ಒಂದು ಹುಲ್ಲುಕಡ್ಡಿ ಇಲ್ಲ, ಬರೀ ಕೆಮ್ಮಣ್ಣು. ಸಮತಟ್ಟಾದ ಜಾಗ 102 x 66 ಮೀಟರ್, ಅದರಾಚೆ ಜನ ನಿಲ್ಲೋ ದಿಬ್ಬ. ಗೋಲ್‌ಗಳು ಪೂರ್ವ ಪಶ್ಚಿಮಕ್ಕಿವೆ. ಫ್ಲಡ್‌ಲೈಟ್ ಇಲ್ಲ. ಕಿಕಾಫ್ 3.30 ಅಂತ ಪಾಂಪ್ಲೆಟ್ ಅಚ್ಚಿಗೆ ಕೊಡ್ತಿದ್ದಾರೆ.
ಗೆರೆ ಹಾಕೋದಕ್ಕೆ ಸರಿಯಾದ ಅಳತೆ ಬೇಕು, ಯಾವ ಪುಡಿ, ಎಷ್ಟು ಮೂಟೆ ಅಂತಾನೂ ಹೇಳಿ. ಸಮ ಆದರೆ ಎಕ್ಸ್‌ಟ್ರಾ ಟೈಮ್ ಕೊಡಬೇಕಾ, ನೇರ ಪೆನಾಲ್ಟಿಗೆ ಹೋಗಬೇಕಾ? ಪೆನಾಲ್ಟಿ ನಿಯಮದ ಬಗ್ಗೆ ಎರಡೂ ಕಡೆಯವರು ಈಗಲೇ ಒಬ್ಬೊಬ್ಬರು ಒಂದೊಂದು ಮಾತಾಡ್ತಿದ್ದಾರೆ.

ಬಿಳಿಗೆರೆ
102 x 66ರೊಳಗೆ 96 x 60 ಹಾಕಿ. ನಿಯಮದಲ್ಲಿ ಉದ್ದ 90ರಿಂದ 120, ಅಗಲ 45ರಿಂದ 90 ಮೀಟರ್, ಹಾಗಾಗಿ ಯಾರೂ ತಕರಾರು ಎತ್ತೋ ಹಾಗಿಲ್ಲ. ಸುತ್ತ 3 ಮೀಟರ್ ಉಳಿಯುತ್ತೆ. ಆಸೆಪಟ್ಟು ಗೆರೇನ ಅಂಚಿನವರೆಗೂ ಒಯ್ದರೆ ವಿಂಗರ್ ಹೋಗಿ ಪ್ರೇಕ್ಷಕರ ಮಡಿಲಿಗೇ ಬೀಳ್ತಾನೆ, ಲೈನ್ಸ್‌ಮನ್‌ಗೂ ಓಡೋಕೆ ಜಾಗ ಇರಲ್ಲ.

ಮೊದಲು ಒಂದು ಟಚ್‌ಲೈನಿಗೆ (ಉದ್ದದ ಬದಿಯ ಗೆರೆ) 96 ಮೀಟರ್ ಅಳೆದು ಎರಡು ಗೂಟ ಹೊಡೀರಿ. ಮೂಲೆಮಟ್ಟಕ್ಕೆ ಗಾರೆ ಕೆಲಸದವರ ಲೆಕ್ಕವೇ ಸಾಕು: ಟಚ್‌ಲೈನ್ ಮೇಲೆ 16 ಮೀಟರ್, ಗೋಲ್‌ಲೈನ್ (ಅಗಲದ ಬದಿಯ ಗೆರೆ) ಕಡೆ 12, ಎರಡು ತುದಿ ನಡುವೆ 20 ಬರಬೇಕು. ನಾಲ್ಕೂ ಗೂಟ ಕೂತಮೇಲೆ ಮೂಲೆಯಿಂದ ಮೂಲೆಗೆ ಕರ್ಣ ಅಳೀರಿ, ಎರಡೂ 113.2 ಮೀಟರ್ ಇರಬೇಕು. ಅಳೆಯೋದಕ್ಕೆ ಟೇಪೇ ಬಳಸಿ. ನೈಲಾನ್ ಹಗ್ಗ ಎಳೆದಷ್ಟೂ ಉದ್ದ ಆಗುತ್ತೆ, 96 ಮೀಟರಲ್ಲಿ ಎಷ್ಟು ಹೆಚ್ಚು ಬಂತು ಅಂತ ಗೊತ್ತೇ ಆಗಲ್ಲ.

ಬಾಕ್ಸಿಗೆ ಗೋಲ್‌ಲೈನಿನ ನಡುಮಧ್ಯ ಒಂದು ಮೊಳೆ ಹೊಡೆದು ಅಲ್ಲಿಂದ ಎರಡೂ ಪಕ್ಕಕ್ಕೆ ಅಳೀರಿ. 3.66ಕ್ಕೆ ಕಂಬದ ಒಳ ಅಂಚು, 9.16ಕ್ಕೆ ಚಿಕ್ಕ ಬಾಕ್ಸ್, 20.16ಕ್ಕೆ ಪೆನಾಲ್ಟಿ ಬಾಕ್ಸ್. ಮೈದಾನದ ಒಳಕ್ಕೆ ಚಿಕ್ಕದು 5.5, ಪೆನಾಲ್ಟಿ ಸ್ಪಾಟ್ 11, ದೊಡ್ಡದು 16.5. ಸಾಮಾನ್ಯವಾಗಿ ತಪ್ಪೋದು ಬಾಕ್ಸಿನ ಮುಂದಿರೋ 'ಡಿ'. ಅದಕ್ಕೆ ಬಾಕ್ಸಿನ ಗೆರೆ ಮೇಲೆ ಗೂಟ ಇಟ್ಟು ಸುತ್ತೋದಲ್ಲ, ಸ್ಪಾಟ್ ಮೇಲೆ ಗೂಟ ಇಟ್ಟು 9.15 ಮೀಟರ್ ಹಗ್ಗ ಸುತ್ತಬೇಕು. ಸರಿ ಬಂದಿದ್ದರೆ ಅದು ಬಾಕ್ಸಿನ ಗೆರೇನ ಮಧ್ಯದಿಂದ ಆಚೀಚೆ 7.31 ಮೀಟರಿಗೆ ಮುಟ್ಟುತ್ತೆ. ನಡು ವೃತ್ತಕ್ಕೂ ಅದೇ 9.15, ಕಾರ್ನರ್‌ಗೆ 1 ಮೀಟರ್. ಗೆರೆ 12 ಸೆಂ.ಮೀ. ದಾಟಬಾರದು. ಕಂಬ 10 ಸೆಂ.ಮೀ. ದಪ್ಪ ಇದ್ದರೆ ಗೋಲ್‌ಲೈನೂ 10 ಇರಲಿ.

ಪುಡಿ ವಿಷಯಕ್ಕೆ ಬಂದರೆ, ಸುಣ್ಣ ಬೇಡವೇ ಬೇಡ, ಬ್ಲೀಚಿಂಗ್ ಪೌಡರೂ ಬೇಡ. ಜಾರಿ ಬಿದ್ದವನ ತರಚುಗಾಯಕ್ಕೆ, ಕೀಪರ್ ಕಣ್ಣಿಗೆ ಹೋದರೆ ಸುಡುತ್ತೆ. ಚಾಕ್ ಪುಡಿ ತನ್ನಿ, ಸಿಗಲಿಲ್ಲ ಅಂದರೆ ಬಿಳಿ ರಂಗೋಲಿ ಪುಡಿ. ಈ ಅಳತೆಗೆ ಗೆರೆ ಎಲ್ಲಾ ಕೂಡಿದರೆ ಸುಮಾರು 675 ಮೀಟರ್. ಮೀಟರಿಗೆ 150 ಗ್ರಾಂ ಹಿಡಿದರೆ 100 ಕೆ.ಜಿ. ಆಯ್ತು. 25 ಕೆ.ಜಿ.ದು ನಾಲ್ಕು ಮೂಟೆ, ಹಾಫ್‌ಟೈಮಲ್ಲಿ ತಿದ್ದೋಕೆ ಇನ್ನೊಂದು. ಹಿಂದಿನ ಸಂಜೆ ಟ್ಯಾಂಕರ್ ನೀರು ಹೊಡೆಸಿ ರೋಲರ್ ಎಳೆಸಿ, ಬೆಳಗ್ಗೆ ಮಣ್ಣು ಸ್ವಲ್ಪ ಹಸಿ ಇರುವಾಗಲೇ ಗೆರೆ ಹಾಕಿ. ಒಣ ಧೂಳಿನ ಮೇಲೆ ಹಾಕಿದ್ದು ಮೊದಲ ಹದಿನೈದು ನಿಮಿಷಕ್ಕೇ ಹಾರಿಹೋಗುತ್ತೆ. ಮಧ್ಯಾಹ್ನ ಮಾತ್ರ ನೀರು ಹೊಡೀಬೇಡಿ, ಮೇಲ್ಪದರ ಜಾರುತ್ತೆ.

ಸೀಟಿ
ಪಾಂಪ್ಲೆಟ್ ಇನ್ನೂ ಅಚ್ಚಾಗಿಲ್ಲ ಅಂದರೆ ಮೊದಲು ಅದನ್ನ ತಡೀರಿ. ಆ ವಾರ ಕೋಲಾರದ ಕಡೆ ಸೂರ್ಯ ಮುಳುಗೋದು 6.15ರ ಹೊತ್ತಿಗೆ. 3.00ಕ್ಕೆ ಶುರು ಮಾಡಿದರೆ ಹಾಫ್‌ಟೈಮ್, ಸ್ಟಾಪೇಜ್ (ಆಟ ನಿಂತಿದ್ದಕ್ಕೆ ಸೇರಿಸೋ ಸಮಯ) ಎಲ್ಲಾ ಸೇರಿ 4.55ಕ್ಕೆ 90 ನಿಮಿಷ ಮುಗಿಯುತ್ತೆ. ಎಕ್ಸ್‌ಟ್ರಾ ಟೈಮ್ 15 ಮತ್ತು 15, ಅದು 5.35ಕ್ಕೆ. ಪೆನಾಲ್ಟಿ ಐದೈದರಲ್ಲಿ ಮುಗಿದರೆ 5.50, ಆಮೇಲೆ ಒಂದೊಂದೇ ಕಿಕ್‌ನ ಸಡನ್ ಡೆತ್ ಎಳೆದರೂ 6 ಗಂಟೆ. ಇದೇ ಲೆಕ್ಕಾನ 3.30ರಿಂದ ಹಾಕಿ ನೋಡಿ, ಕೊನೇ ಕಿಕ್ ಕತ್ತಲಲ್ಲಿ. ಅದಕ್ಕೆ 3.00 ಆದರೆ ಎಕ್ಸ್‌ಟ್ರಾ ಟೈಮ್ ಕೊಡಿ, 3.30ಕ್ಕೇ ಅಂಟಿಕೊಂಡರೆ ನೇರ ಪೆನಾಲ್ಟಿ. ಎರಡೂ ನಡೆಯೋದೇ. 2017ರ ಫೆಡರೇಷನ್ ಕಪ್ ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ಮೋಹನ್ ಬಗಾನ್ ಮೇಲೆ ಎರಡೂ ಗೋಲ್ ಹೊಡೆದಿದ್ದು ಎಕ್ಸ್‌ಟ್ರಾ ಟೈಮಲ್ಲಿ. 2024ರ ಡ್ಯುರಾಂಡ್ ಫೈನಲ್ 2-2 ಆದಾಗ ನೇರ ಪೆನಾಲ್ಟಿಗೆ ಹೋಯ್ತು, ನಾರ್ತ್‌ಈಸ್ಟ್ ಯುನೈಟೆಡ್ 4-3ರಲ್ಲಿ ಅದೇ ಬಗಾನನ್ನ ಸೋಲಿಸ್ತು. ಯಾವುದಾದರೂ ಸರಿ, ಕಾಗದದಲ್ಲಿ ಬರೆದು ಇಬ್ಬರು ಮ್ಯಾನೇಜರ್‌ಗಳ ಸಹಿ ಹಾಕಿಸಿ. ಬೆಳಕು ಹೋಗಿ ಆಟ ನಿಂತರೆ ಏನು ಅನ್ನೋದೂ ಅದರಲ್ಲೇ ಇರಲಿ.

ಅತಿಥಿಗಳ ಭಾಷಣ, ಹಾರ, ಶಾಲು ಎಲ್ಲಾ ಮ್ಯಾಚ್ ಆದಮೇಲೆ. ಮೊದಲು ಇಟ್ಟರೆ ಮೇಲಿನ ಲೆಕ್ಕ ಅಲ್ಲಿಗೆ ಮುಗೀತು.

ಹಳೇ_ಬೂಟು
ಪೆನಾಲ್ಟಿಗೆ ಇಷ್ಟು ತಲೆ ಕೆಡಿಸ್ಕೋಬೇಡಿ. ಟಾಸ್ ಗೆದ್ದ ಕ್ಯಾಪ್ಟನ್ ಯಾವ ಗೋಲ್ ಅಂತ ಆರಿಸ್ತಾನೆ, ಸೋತವನು ಮೊದಲು ಹೊಡೀತಾನೆ. ಐದು ಜನರ ಪಟ್ಟಿ ರೆಫರಿ ಕೈಗೆ ಕೊಡಬೇಕು. ಮ್ಯಾಚಲ್ಲಿ ಹಳದಿ ಕಾರ್ಡ್ ತಗೊಂಡವನು ಪೆನಾಲ್ಟಿ ಟೈಮಲ್ಲಿ ಇನ್ನೊಂದು ತಗೊಂಡರೆ ಔಟ್.

ಸೀಟಿ
@ಹಳೇ_ಬೂಟು ಅಣ್ಣ, ಮೂರೂ ತಪ್ಪು. ಜಗಳ ಶುರುವಾಗೋದೇ ಇಂಥ ಮಾತಿಂದ.

ಟಾಸ್ ಎರಡು ಸಲ. ಮೊದಲನೇದು ಯಾವ ಗೋಲ್ ಅನ್ನೋದಕ್ಕೆ, ಅದನ್ನ ನಾಣ್ಯವೇ ತೀರ್ಮಾನಿಸುತ್ತೆ, ಕ್ಯಾಪ್ಟನ್ ಆರಿಸೋದಿಲ್ಲ. ಸುರಕ್ಷತೆಗೆ ತೊಂದರೆ ಇದ್ದರೆ ಅಥವಾ ಅಲ್ಲಿನ ನೆಲ ಕೆಟ್ಟಿದ್ದರೆ ರೆಫರಿ ತಾನೇ ನಿರ್ಧರಿಸಬಹುದು. ಎರಡನೇ ಟಾಸ್ ಗೆದ್ದವರು ಮೊದಲು ಹೊಡೀತೀವಾ, ಆಮೇಲಾ ಅಂತ ಹೇಳ್ತಾರೆ. ಪಟ್ಟಿ ರೆಫರಿಗೆ ಕೊಡೋ ಹಾಗಿಲ್ಲ, ಸರದಿ ಟೀಮಿನ ಒಳಗಿನ ವಿಷಯ. ಆದರೆ ಎಲ್ಲರೂ ಒಂದೊಂದು ಹೊಡೆದು ಮುಗಿಯೋವರೆಗೂ ಯಾರಿಗೂ ಎರಡನೇ ಕಿಕ್ ಇಲ್ಲ, ಕೀಪರೂ ಆ ಲೆಕ್ಕದಲ್ಲೇ ಬರ್ತಾನೆ. ಆಟದಲ್ಲಿ ಸಿಕ್ಕ ಹಳದಿ ಪೆನಾಲ್ಟಿ ಶೂಟೌಟ್‌ಗೆ ಮುಂದುವರಿಯಲ್ಲ, ಅಲ್ಲಿ ಇನ್ನೊಂದು ಸಿಕ್ಕರೆ ಅದು ಎರಡನೇದು ಅಂತ ಕೆಂಪು ಮಾಡೋ ಹಾಗಿಲ್ಲ.

ಹೊಡೆಯೋ ಟೀಮಿನ ಕೀಪರ್ ನಿಲ್ಲೋದು ಗೋಲ್‌ಲೈನೂ ಪೆನಾಲ್ಟಿ ಬಾಕ್ಸಿನ ಗೆರೇನೂ ಕೂಡೋ ಮೂಲೇಲಿ. ಉಳಿದವರೆಲ್ಲ ನಡು ವೃತ್ತದಲ್ಲಿ. ಕಿಕ್ ಆಗುವಾಗ ಎದುರು ಕೀಪರ್‌ನ ಒಂದು ಪಾದದ ಸ್ವಲ್ಪ ಭಾಗವಾದರೂ ಗೆರೆ ಮೇಲೆ ಅಥವಾ ಗೆರೆಯ ನೇರಕ್ಕೆ ಇರಬೇಕು. ಮುಂದೆ ಬಂದು ತಡೆದರೆ ಕಿಕ್ ಮತ್ತೆ. ಮೊದಲ ಸಲ ಎಚ್ಚರಿಕೆ, ಆಮೇಲೆ ಹಳದಿ.

2025ರಲ್ಲಿ ಬಂದ ಎರಡು ಬದಲಾವಣೆ ಎರಡೂ ಟೀಮಿಗೆ ಮೊದಲೇ ಹೇಳಿಬಿಡಿ. ಶೂಟೌಟಲ್ಲಿ ಜಾರಿ ಅಕಸ್ಮಾತ್ ಚೆಂಡಿಗೆ ಎರಡು ಸಲ ಕಾಲು ತಗುಲಿ ಗೋಲ್ ಆದರೆ ಮತ್ತೆ ಹೊಡೀಬೇಕು, ಗೋಲ್ ಆಗದಿದ್ದರೆ ಮಿಸ್ ಅಂತಲೇ ಲೆಕ್ಕ. ಕೆಮ್ಮಣ್ಣಲ್ಲಿ ಆಸರೆ ಕಾಲು ಜಾರೋದು ಸಾಮಾನ್ಯ, ಇದು ಬಂದೇ ಬರುತ್ತೆ. ಇನ್ನೊಂದು, ಕೀಪರ್ ಚೆಂಡು ಕೈಯಲ್ಲಿ ಹಿಡಿದು 8 ಸೆಕೆಂಡ್ ದಾಟಿದರೆ ಎದುರಾಳಿಗೆ ಕಾರ್ನರ್. ರೆಫರಿ ಕೊನೇ ಐದು ಸೆಕೆಂಡ್ ಕೈ ಎತ್ತಿ ಬೆರಳಲ್ಲಿ ತೋರಿಸ್ತಾರೆ. ಗೊತ್ತಿಲ್ಲದ ಪ್ರೇಕ್ಷಕರಿಗೆ ಅದು ಮೋಸದ ಹಾಗೆ ಕಾಣುತ್ತೆ, ಮೈಕಲ್ಲಿ ಒಂದು ಸಲ ಹೇಳಿಸಿ.

ರೆಫರಿಗಳು ಯಾರೂ ಈ ಎರಡೂ ಊರಿನವರಾಗದೆ ಇರಲಿ. ಕೆಎಸ್‌ಎಫ್‌ಎ (ರಾಜ್ಯ ಫುಟ್‌ಬಾಲ್ ಸಂಸ್ಥೆ) ಕಡೆಯಿಂದ ಕೇಳಿದರೆ ಒಳ್ಳೇದು.

ಬಲೆ_ಕಾವಲು
ಯಾರೂ ಗೋಲ್ ಬಾಯಿ ಬಗ್ಗೆ ಹೇಳಲಿಲ್ಲ. ಹುಲ್ಲಿಲ್ಲದ ಮೈದಾನದಲ್ಲಿ ಕೀಪರ್ ನಿಲ್ಲೋ ಜಾಗ ಸವೆದು ಬಾಣಲೆ ಥರ ಗುಂಡಿ ಆಗಿರುತ್ತೆ. ಕಂಬದ ಹತ್ತಿರ 2.44 ಸರಿಯಾಗಿ ಇದ್ದರೂ ಮಧ್ಯದಲ್ಲಿ ನೆಲದಿಂದ ಬಾರ್‌ಗೆ ಅಳೆದರೆ 2.50 ದಾಟಿರುತ್ತೆ. ಕಂಬದ ಹತ್ತಿರ ಎರಡು ಕಡೆ, ಮಧ್ಯ ಒಂದು ಕಡೆ ಟೇಪ್ ಹಿಡೀರಿ. ಗುಂಡಿಗೆ ಮೊರಂ ತುಂಬಿ, ನೀರು ಹಾಕಿ, ದಿಮ್ಮಸದಲ್ಲಿ ಬಡೀರಿ. ಒಂದೇ ಸಲ ತುಂಬಬೇಡಿ, ನಾಲ್ಕು ಬೆರಳಿನಷ್ಟು ಹಾಕಿ ಬಡೆದು ಮತ್ತೆ ಹಾಕಿ. ಹಿಂದಿನ ದಿನ ಮಾಡಿದರೆ ಕೂರಲ್ಲ, ಮೂರು ನಾಲ್ಕು ದಿನ ಮುಂಚೆ ಆಗಿರಬೇಕು. ಪೆನಾಲ್ಟಿ ಸ್ಪಾಟೂ ಹೀಗೇ. ಹತ್ತು ಜನ ಬೂಟು ಊರಿದಮೇಲೆ ಅಲ್ಲಿ ಹಳ್ಳ ಬೀಳುತ್ತೆ, ಚೆಂಡು ನಿಲ್ಲಲ್ಲ. ಒಂದು ಡಬ್ಬಿ ಪುಡಿ ನಾಲ್ಕನೇ ರೆಫರಿ ಹತ್ತಿರ ಇಡಿ. ಸ್ಪಾಟನ್ನ ಬೂಟಲ್ಲಿ ಕೆರೆಯೋನಿಗೆ ಹಳದಿ.

ಬಲೆ ಕಂಬಕ್ಕೆ ಕೇಬಲ್ ಟೈ ಹಾಕಿ ಒಂದು ಗೇಣಿಗೊಂದು, ಕೆಳಗೆ ಮರಳು ಚೀಲ. ಪಕ್ಕದ ಬಲೇಲಿ ತೂತಿದ್ದು ಚೆಂಡು ಆಚೆ ಹೋದರೆ ಗೋಲಾ ಅಲ್ವಾ ಅಂತ ಅರ್ಧ ಗಂಟೆ ಹೋಗುತ್ತೆ.

ಚೆಂಡಿನ ಗಾಳಿ ಒತ್ತಡ 8.5ರಿಂದ 15.6 ಪಿಎಸ್‌ಐ ಅಂತ ನಿಯಮ. ಗಟ್ಟಿ ನೆಲಕ್ಕೆ 9 ಸಾಕು, ಹೆಚ್ಚು ತುಂಬಿದರೆ ತಲೆ ಮೇಲೆ ಪುಟಿಯುತ್ತೆ. ಗಾಳಿ ತುಂಬಿ ಬಿಸಿಲಲ್ಲಿ ಇಟ್ಟರೆ ಒಂದೂವರೆ ಪಿಎಸ್‌ಐ ತಾನಾಗೇ ಏರುತ್ತೆ, ನೆರಳಲ್ಲಿಡಿ.

ಬಿಸಿಲಿನ ದಿಕ್ಕೂ ನೋಡ್ಕೊಳ್ಳಿ. ಎರಡನೇ ಅರ್ಧದಲ್ಲಿ ಪೂರ್ವದ ಗೋಲ್ ಕಾಯೋ ಕೀಪರ್ ಕಣ್ಣಿಗೆ ನೇರ ಹೊಡೆಯುತ್ತೆ. ಟಾಸ್ ಗೆದ್ದ ಚಾಲಾಕಿ ಕ್ಯಾಪ್ಟನ್ ಮೊದಲರ್ಧದಲ್ಲೇ ಆ ಕಡೆ ನಿಂತು ಮುಗಿಸ್ಕೋತಾನೆ. ಕೀಪರ್‌ಗೆ ಟೋಪಿ ಹಾಕೋಕೆ ಅವಕಾಶ ಇದೆ.

ಜನರನ್ನ ಎರಡು ಟಚ್‌ಲೈನಿಗೆ ಹಂಚಿ, ಒಂದೂರು ಒಂದು ಕಡೆ. ಗೋಲ್ ಹಿಂದೆ ಯಾರೂ ಬೇಡ. ನೀಲಗಿರಿ ಕಂಬ 3 ಮೀಟರಿಗೊಂದರಂತೆ ಒಂದು ಬದಿಗೆ 33, ಎರಡಕ್ಕೂ 66, ಎರಡು ಸಾಲು ಹಗ್ಗ. ಠಾಣೆಗೆ ಬಂದೋಬಸ್ತ್ ಅರ್ಜಿ, ಮೈಕ್ ಪರ್ಮಿಷನ್ ಈಗಲೇ ಹಾಕಿ. ಆಂಬುಲೆನ್ಸ್ ಬರೋ ಗೇಟಿಗೆ ಬೈಕ್ ನಿಲ್ಲಿಸೋಕೆ ಬಿಡಬೇಡಿ.

ಎಡಗಾಲು_ಬಂಗಾರಪೇಟೆ
3.00 ಅಂತ ತಿದ್ದಿಸಿದ್ದಾಯ್ತು, ಎಕ್ಸ್‌ಟ್ರಾ ಟೈಮ್ ಇರುತ್ತೆ. ಇವತ್ತು ಗೂಟ ಹೊಡೆಸಿದರು. ನಾಲ್ಕೂ ಬದಿ ಸರಿ ಇದೆ, ಆದರೆ ಕರ್ಣ ಒಂದು 113.4, ಇನ್ನೊಂದು 113.0. ಬಿಡಬಹುದಾ?

ಬಿಳಿಗೆರೆ
ಬಿಡಬೇಡಿ. ಬದಿ ಸರಿ ಇದ್ದು ಕರ್ಣ ಬೇರೆ ಬಂದರೆ ಚೌಕ ಓರೆ ಆಗಿದೆ ಅಂತ. ಈ ಕಡೆಯ ಟಚ್‌ಲೈನಿನ ಎರಡು ಗೂಟ ಮುಟ್ಟಬೇಡಿ. ಆಚೆ ಟಚ್‌ಲೈನಿನ ಎರಡೂ ಗೂಟ ಒಟ್ಟಿಗೆ ಅದೇ ಗೆರೆಗುಂಟ 24 ಸೆಂ.ಮೀ. ಸರಿಸಿ, 113.4 ಬಂದ ಕರ್ಣ ಗಿಡ್ಡ ಆಗೋ ದಿಕ್ಕಿಗೆ. ಒಂದನ್ನೇ ಸರಿಸಿದರೆ 96 ಹೋಗುತ್ತೆ. ಆಮೇಲೆ ಎರಡೂ ಮತ್ತೆ ಅಳೀರಿ. ಪುಡಿ ಮೂಟೆ ಬಿಚ್ಚೋದು ಅದಾದಮೇಲೆ.